ಬಿಸಿಲಿಗೆ ಕಾಣದ ನೀರು

ವಿಜಯಪುರಕ್ಕೆ ಬಂದ ಪ್ರವಾಸಿಯ ದೃಷ್ಟಿ ಮೊದಲು ಹೋಗುವುದು ಆಕಾಶದ ಕಡೆಗೆ. ಮಹಮ್ಮದ್ ಆದಿಲಶಹನ ಗೋಳಗುಮ್ಮಟವು ೧೬೫೬ರಿಂದಲೂ ಈ ಬಯಲಿನ ನಡುವೆ ನಿಂತು, ದೂರದಿಂದ ಬರುವವರಿಗೆಲ್ಲ ಊರಿನ ಗುರುತಾಗಿದೆ. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನೇರಿ, ಪಿಸುಮಾತಿನ ಮೊಗಸಾಲೆಯಲ್ಲಿ ಒಮ್ಮೆ ಕೂಗಿ, ಮರುದನಿಗಳನ್ನು ಎಣಿಸಿ ನಕ್ಕು, ಮಕ್ಕಳ ಕೈ ಹಿಡಿದು ಇಳಿದು ಬರುವುದು ಪ್ರವಾಸಿಗರ ವಾಡಿಕೆ. ಇಳಿಯುವ ಮುನ್ನ ಗುಮ್ಮಟದ ಹೊರಮಾಳಿಗೆಯಲ್ಲಿ ಗಳಿಗೆಹೊತ್ತು ನಿಂತು ಸುತ್ತಲೂ ನೋಡಿದವರು ಕಡಿಮೆ. ಹಾಗೆ ನೋಡಿದವರಿಗೆ ಊರಿನ ಕಟ್ಟಡಗಳಾಚೆ ಕಾಣುವುದು ಮರಗಳಿಲ್ಲದ, ಏರಿಳಿತ ಹೆಚ್ಚಿಲ್ಲದ, ಬೇಸಗೆಯಲ್ಲಿ ಬೂದಿಬಣ್ಣಕ್ಕೆ ತಿರುಗಿದ ವಿಶಾಲವಾದ ಬಯಲು. ಇಂಥ ನೆಲದಲ್ಲಿ ಹಣ್ಣಿನ ತೋಟಗಳಿವೆಯೆಂದರೆ ನಂಬುವುದು ಸುಲಭವಲ್ಲ.

ಆದರೂ ಅವು ಇವೆ. ಊರು ದಾಟಿ ಪಡುವಣಕ್ಕೆ ತಿಕೋಟಾದ ಹಾದಿ ಹಿಡಿದರೆ ದ್ರಾಕ್ಷಿಯ ಚಪ್ಪರಗಳು, ಬಡಗಣಕ್ಕೆ ಇಂಡಿಯ ಕಡೆ ತಿರುಗಿದರೆ ನಿಂಬೆಯ ತೋಟಗಳು, ನಡುನಡುವೆ ದಾಳಿಂಬೆಯ ಸಾಲುಗಳು ಬರಡು ಬಯಲಿಗೆ ಹೊಲಿದ ಹಸಿರು ತೇಪೆಗಳಂತೆ ಎದುರಾಗುತ್ತವೆ. ಕರ್ನಾಟಕದಲ್ಲಿ ಬೆಳೆಯುವ ದ್ರಾಕ್ಷಿಯಲ್ಲಿ ಬಹುಪಾಲು ಬರುವುದು ಈ ಜಿಲ್ಲೆಯಿಂದಲೇ. ನೀರಿಗೆ ಇಷ್ಟೊಂದು ಬಡವಾದ ನಾಡು ಇಷ್ಟು ರಸವುಳ್ಳ ಹಣ್ಣುಗಳನ್ನು ಹೇಗೆ ಕೊಡುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ತಲೆಯೆತ್ತಿ ನೋಡುವುದನ್ನು ಬಿಟ್ಟು, ಕಾಲಡಿಯ ಮಣ್ಣನ್ನು ನೋಡಬೇಕಾಗುತ್ತದೆ.

ಎರೆಯ ನೆಲ, ಕೈಕೊಡುವ ಮುಗಿಲು

ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ೬೦೦ ಮಿಲಿಮೀಟರಿನ ಆಸುಪಾಸು. ಮಲೆನಾಡಿನ ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಇದಕ್ಕಿಂತ ಹೆಚ್ಚು ಮಳೆ ಸುರಿಯುತ್ತದೆ. ಆದರೆ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಹಾಕಿ ನೋಡಬಹುದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸುಮಾರು ೪,೦೦೦ ಲೀಟರು ನೀರು. ಅಂದಮೇಲೆ ಬಡವೆಂದು ಹೆಸರಾದ ಈ ಮುಗಿಲೂ ಒಂದೊಂದು ಎಕರೆಗೆ ವರ್ಷಕ್ಕೆ ೨೪ ಲಕ್ಷ ಲೀಟರಿನಷ್ಟು ನೀರನ್ನು ಇಳಿಸುತ್ತದೆ! ಅದರಲ್ಲಿ ಗಿಡದ ಪಾಲಿಗೆ ದಕ್ಕುವುದು ಸ್ವಲ್ಪ. ಹರಿದು ಹೋಗುವುದು ಕೆಲವು ಪಾಲು. ಸೂರ್ಯನು ಹಿಂದಕ್ಕೆ ಪಡೆದುಕೊಳ್ಳುವುದು ಎಲ್ಲಕ್ಕಿಂತ ಹೆಚ್ಚು. ಮಳೆಯ ಕೊರತೆ ಒಂದು ಕಷ್ಟವಾದರೆ, ಬಿದ್ದ ಮಳೆಯನ್ನು ಬಿಸಿಲಿನಿಂದ ಕಾಯುವುದು ಅದಕ್ಕಿಂತ ದೊಡ್ಡ ಕಷ್ಟ.

ಇಲ್ಲಿನ ನೆಲದ ಸ್ವಭಾವವೂ ವಿಚಿತ್ರವಾದುದು. ದಖ್ಖಣದ ಕಪ್ಪು ಬಂಡೆಯು ಯುಗಯುಗಾಂತರಗಳಲ್ಲಿ ಸವೆದು ಆದ ಎರೆಮಣ್ಣು ನೀರನ್ನು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮಾಘ ಕಳೆದು ಬಿಸಿಲೇರಿದಂತೆ ಹೊಲದಲ್ಲಿ ಕೈ ತೂರುವಷ್ಟು ಅಗಲದ ಬಿರುಕುಗಳು ಬಾಯ್ದೆರೆಯುತ್ತವೆ. ನೆಲದ ಆಳದಲ್ಲಿ ಉಳಿದ ತೇವವೂ ಆ ಬಿರುಕುಗಳ ಮೂಲಕ ಗಾಳಿಯ ಪಾಲಾಗುತ್ತದೆ. ಒಳ್ಳೆಯ ವರ್ಷದಲ್ಲಿ ಡೋಣಿ ನದಿಯ ಬಯಲಿನ ಎರೆಯು ಓಣಿ ತುಂಬುವಷ್ಟು ಬಿಳಿಜೋಳವನ್ನು ಕೊಡುತ್ತದೆಂದು ಜನ ಹೇಳಿಕೊಳ್ಳುವುದುಂಟು. ಕೆಟ್ಟ ವರ್ಷದಲ್ಲಿ ಅದೇ ನೆಲ ಹಿಡಿ ಕಾಳನ್ನೂ ಕೊಡದು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಈ ಸೀಮೆ ಪಟ್ಟ ಪಾಡು ಚರಿತ್ರೆಯಲ್ಲಿ ದಾಖಲಾಗಿದೆ.

ಇಂಥ ನೆಲದೊಡನೆ ಬಾಳಿದ ಒಕ್ಕಲಿಗರು ತೇವವನ್ನು ಕಾಯುವ ವಿದ್ಯೆಯನ್ನು ಯಾವ ಶಾಲೆಯಲ್ಲಿಯೂ ಕಲಿತವರಲ್ಲ. ಹಿಂಗಾರಿ ಜೋಳದ ಸಾಲುಗಳ ನಡುವೆ ಅವರು ಎಡೆಕುಂಟೆಯನ್ನು ಮತ್ತೆ ಮತ್ತೆ ಹೊಡೆಯುತ್ತಾರೆ. ನೋಡುವವರಿಗೆ ಅದು ಕಳೆ ತೆಗೆಯುವ ಕೆಲಸ. ಒಕ್ಕಲಿಗನ ಉದ್ದೇಶ ಅಷ್ಟೇ ಅಲ್ಲ: ಮೇಲಿನ ಎರಡು ಬೆರಳಿನ ಮಣ್ಣನ್ನು ಪುಡಿಮಾಡಿ, ಆ ಪುಡಿಯಿಂದ ಬಿರುಕುಗಳ ಬಾಯಿ ಮುಚ್ಚಿ, ಕೆಳಗಿನ ತೇವಕ್ಕೆ ಮಣ್ಣಿನದೇ ಒಂದು ಕಂಬಳಿ ಹೊದಿಸುವುದು. ಒಮ್ಮೆ ಎಡೆ ಹೊಡೆದರೆ ಒಮ್ಮೆ ನೀರು ಹಾಯಿಸಿದಂತೆ ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ಮಳೆಗಾಲಕ್ಕೆ ಮೊದಲು ಹೊಲವನ್ನು ಚೌಕು ಮಡಿಗಳಾಗಿ ಒಡೆದು, ಬಿದ್ದ ನೀರು ಬಿದ್ದಲ್ಲಿಯೇ ಇಂಗುವಂತೆ ಮಾಡುವುದೂ ಇದೇ ವಿದ್ಯೆಯ ಇನ್ನೊಂದು ಪಾಠ. ೧೯೩೦ರ ದಶಕದಲ್ಲಿ ಇಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರವು ಆರಂಭವಾದ ಮೇಲೆ ಈ ಅನುಭವಕ್ಕೆ ಅಳತೆಯೂ ಲೆಕ್ಕವೂ ಸೇರಿಕೊಂಡವು.

ಅರಸರ ನೀರಿನ ಹಾದಿ

ನೀರನ್ನು ಬಿಸಿಲಿನಿಂದ ಮರೆಮಾಡಬೇಕೆಂಬುದನ್ನು ಒಕ್ಕಲಿಗರಷ್ಟೇ ಅರಸರೂ ಬಲ್ಲವರಾಗಿದ್ದರು. ಆದಿಲಶಾಹಿಗಳ ಕಾಲದಲ್ಲಿ ವಿಜಯಪುರವು ದಖ್ಖಣದ ಮಹಾನಗರಗಳಲ್ಲಿ ಒಂದು. ಅಷ್ಟು ಜನರಿಗೆ, ಅಷ್ಟು ಕುದುರೆ ಆನೆಗಳಿಗೆ, ಅರಮನೆಗಳ ಕಾರಂಜಿಗಳಿಗೆ ನೀರೆಲ್ಲಿಂದ ಬರಬೇಕು? ಪಡುವಣದಲ್ಲಿರುವ ತೊರವಿಯಿಂದ ನೆಲದೊಳಗೆ ಸುರಂಗವನ್ನು ಕೊರೆದು ನೀರನ್ನು ತಂದರು. ಸುರಂಗದುದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಗಾಳಿಗಂಡಿಗಳಿವೆ. ಊರಿನ ತೆಂಕಣಕ್ಕೆ ೧೬೫೧ರಲ್ಲಿ ಮಹಮ್ಮದ್ ಆದಿಲಶಹನು ಕಟ್ಟಿಸಿದ ಬೇಗಂ ತಲಾಬಿನಿಂದಲೂ ಮಣ್ಣಿನ ಕೊಳವೆಗಳು ನೆಲದಡಿಯಲ್ಲಿಯೇ ನಗರವನ್ನು ಸೇರುತ್ತಿದ್ದವು. ದಾರಿಯಲ್ಲಿ ನಿಲ್ಲಿಸಿದ ಚೌಕಾಕಾರದ ಎತ್ತರದ ಗೋಪುರಗಳಿಗೆ ಗಂಜ್ ಎಂದು ಹೆಸರು. ನೀರಿನ ಒತ್ತಡವನ್ನು ಹದಗೊಳಿಸಿ ಕೊಳವೆಗಳು ಒಡೆಯದಂತೆ ಕಾಯುವುದು, ಹೂಳನ್ನು ಕೆಳಗೆ ಉಳಿಸಿಕೊಂಡು ತಿಳಿನೀರನ್ನು ಮುಂದೆ ಬಿಡುವುದು ಅವುಗಳ ಕೆಲಸ. ಇಂದಿಗೂ ಕೆಲವು ಗಂಜ್‌ಗಳು ಊರಿನಲ್ಲಿ ನಿಂತಿವೆ. ಪ್ರವಾಸಿಗಳು ಅವನ್ನು ಯಾವುದೋ ಹಾಳು ಬುರುಜೆಂದು ತಿಳಿದು ಮುಂದೆ ಸಾಗುತ್ತಾರೆ.

ತೆರೆದ ಕಾಲುವೆಯಲ್ಲಿ ಹರಿಯುವ ನೀರನ್ನು ಬಿಸಿಲು ಕುಡಿಯುತ್ತದೆ. ಮುಚ್ಚಿದ ದಾರಿಯಲ್ಲಿ ನಡೆದ ನೀರು ಊರು ಮುಟ್ಟುತ್ತದೆ. ಅರಸರ ಕೊಳವೆಯಲ್ಲಿ ಕಂಡ ಈ ಸೂತ್ರವೇ ಇಂದು ದ್ರಾಕ್ಷಿಯ ಬಳ್ಳಿಯ ಬುಡದಲ್ಲಿ ಬೆರಳು ಗಾತ್ರದ ಕೊಳವೆಯಾಗಿ ಮಲಗಿದೆ. ಒತ್ತಡದ ಚಿಂತೆ, ಹೂಳಿನ ಚಿಂತೆ ಎರಡೂ ಇಲ್ಲಿಯೂ ಹಾಗೆಯೇ ಉಳಿದಿವೆ.

ಚಪ್ಪರದ ಕೆಳಗೆ

ತಿಕೋಟಾದ ಕಡೆಯ ದ್ರಾಕ್ಷಿತೋಟವೊಂದನ್ನು ಹೊಕ್ಕರೆ ಹೊರಗಿನ ಝಳ ಒಮ್ಮೆಲೇ ತಗ್ಗಿದಂತಾಗುತ್ತದೆ. ತಲೆಯ ಮೇಲೆ ತಂತಿಗಳ ಮೇಲೆ ಹಬ್ಬಿದ ಎಲೆಗಳ ಮಾಡು; ಕಾಲಡಿಯಲ್ಲಿ ಸಾಲಿನುದ್ದಕ್ಕೂ ಒಣಗಿದ ಕಬ್ಬಿನ ರವದಿಯ ಹಾಸು; ಆ ಹಾಸಿನ ಕೆಳಗೆ ಕಣ್ಣಿಗೆ ಕಾಣದಂತೆ ಹರಿದುಹೋದ ಕಪ್ಪು ಪೈಪು. ಬಳ್ಳಿಯೊಂದಕ್ಕೆ ಎರಡೋ ಮೂರೋ ಡ್ರಿಪ್ಪರುಗಳು. ಗಂಟೆಗೆ ನಾಲ್ಕು ಲೀಟರಿನಂತೆ, ಗಡಿಯಾರದ ಮುಳ್ಳಿನಷ್ಟು ನಿಧಾನವಾಗಿ, ಹನಿಯ ಹಿಂದೆ ಹನಿ.

ಹಿಂದೆ ಹೀಗಿರಲಿಲ್ಲ. ಬಾವಿಯ ನೀರನ್ನು ಕಾಲುವೆಗೆ ಬಿಟ್ಟು, ಸಾಲಿನಿಂದ ಸಾಲಿಗೆ ಮಡಿ ತಿರುವುತ್ತ ಹಾಯಿಸುವುದೇ ಪದ್ಧತಿಯಾಗಿತ್ತು. ಬಳ್ಳಿಯ ಬೇರಿಗೆ ಒಂದು ಪಾಲು ಬೇಕಾದರೆ, ಬೇರಿಲ್ಲದ ನೆಲವೂ ಕಳೆಯೂ ಬಿಸಿಲೂ ಉಳಿದುದನ್ನು ಹಂಚಿಕೊಳ್ಳುತ್ತಿದ್ದವು. ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದುವು. ಅವುಗಳೂ ಆಳಕ್ಕಿಳಿದಂತೆ ಇಂಥ ಉದಾರತನ ನಡೆಯದಾಯಿತು. ಈ ಸೀಮೆಯ ಬಂಡೆಯೊಳಗೆ ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ, ಮತ್ತು ಕೆಳಗಿನ ಸೀಳುಗಳಲ್ಲಿ ಮಾತ್ರ. ಒಬ್ಬನ ಕೊಳವೆಗೆ ಸಿಕ್ಕ ಸೀಳು ಹತ್ತು ಮಾರು ದೂರದ ನೆರೆಯವನಿಗೆ ಸಿಕ್ಕುವುದೆಂಬ ಭರವಸೆಯಿಲ್ಲ.

ಹನಿ ನೀರಾವರಿಯ ಈಗಿನ ರೂಪ ಬಂದದ್ದು ಇನ್ನೊಂದು ಒಣನಾಡಿನಿಂದ. ಸಿಮ್ಖಾ ಬ್ಲಾಸ್ ಎಂಬ ನೀರಾವರಿ ಎಂಜಿನಿಯರು ೧೯೩೦ರ ದಶಕದಲ್ಲಿ, ಮುಂದೆ ಇಸ್ರೇಲ್ ಆದ ದೇಶದಲ್ಲಿ, ಸಾಲುಮರಗಳ ನಡುವೆ ಒಂದು ಮರ ಮಾತ್ರ ಎತ್ತರವಾಗಿ ಬೆಳೆದುದನ್ನು ಕಂಡರು. ಯಾರೂ ನೀರೆರೆಯದ ಆ ಮರದ ಬುಡವನ್ನು ಅಗೆದು ನೋಡಿದಾಗ ಹತ್ತಿರದ ಕೊಳವೆಯೊಂದು ಸೋರುತ್ತಿರುವುದು ತಿಳಿಯಿತು. ಹನಿಯಷ್ಟು ಸೋರಿಕೆ ಒಂದು ದೊಡ್ಡ ಮರವನ್ನು ಸಾಕಿತ್ತು! ಪ್ಲಾಸ್ಟಿಕ್ಕು ಬಳಕೆಗೆ ಬಂದ ಮೇಲೆ ಅವರು ತಮ್ಮ ಮಗನೊಡನೆ ಸೇರಿ, ನೀರು ಸುತ್ತುದಾರಿಯಲ್ಲಿ ಸಾಗಿ ಒತ್ತಡವನ್ನು ಕಳೆದುಕೊಂಡು ಹನಿಯಾಗಿ ಹೊರಬೀಳುವ ಸಾಧನವನ್ನು ರೂಪಿಸಿದರು. ೧೯೬೫ರಲ್ಲಿ ನೆಗೆವ್ ಮರುಭೂಮಿಯ ಹತ್ಸೆರಿಮ್ ಎಂಬ ಸಾಮೂಹಿಕ ಗ್ರಾಮವು ಅದರ ತಯಾರಿಕೆಯನ್ನು ಕೈಗೆತ್ತಿಕೊಂಡಿತು. ಕೆಲವು ದಶಕಗಳಲ್ಲಿ ಆ ಹನಿ ದಖ್ಖಣದ ದ್ರಾಕ್ಷಿಯ ಬುಡಕ್ಕೂ ಬಂದು ಸೇರಿತು. ಸರಕಾರದ ಸಹಾಯಧನವು ದೊರೆತ ಮೇಲೆ ಸಣ್ಣ ಹಿಡುವಳಿಯವರೂ ಅದನ್ನು ಹಾಕಿಸಿಕೊಂಡರು.

ಬಂದ ವಿದ್ಯೆಯನ್ನು ಇಲ್ಲಿನ ನೆಲಕ್ಕೆ ಒಗ್ಗಿಸುವುದು ಬೇರೆಯೇ ಕೆಲಸವಾಯಿತು. ಮರಳು ನೆಲದಲ್ಲಿ ಹನಿ ನೇರವಾಗಿ ಕೆಳಗಿಳಿಯುತ್ತದೆ. ಎರೆಮಣ್ಣಿನಲ್ಲಿ ಅದು ಅಡ್ಡಡ್ಡಲಾಗಿ ಹರಡಿ ನೆಲದೊಳಗೆ ಈರುಳ್ಳಿಯ ಆಕಾರದ ತೇವದ ಗಡ್ಡೆಯನ್ನು ಕಟ್ಟುತ್ತದೆ. ಕೊಳವೆಬಾವಿಯ ಗಡಸುನೀರು ತನ್ನೊಡನೆ ಸುಣ್ಣವನ್ನೂ ಉಪ್ಪನ್ನೂ ತರುತ್ತದೆ. ಸುಣ್ಣವು ಡ್ರಿಪ್ಪರಿನ ಸಣ್ಣ ಗಂಟಲಿನಲ್ಲಿ ಕಟ್ಟಿಕೊಂಡರೆ ಹನಿ ನಿಲ್ಲುತ್ತದೆ. ಆದಕಾರಣ ಆಗಾಗ ಆಮ್ಲವನ್ನು ಹದವರಿತು ಬೆರೆಸಿ ಹಾಯಿಸಬೇಕು. ಪೈಪಿನ ಕೊನೆಯ ಬಿರಡೆಗಳನ್ನು ಬಿಚ್ಚಿ ಹೂಳನ್ನು ಹೊರಬಿಡಬೇಕು. ಮೋಟರಿನ ಮನೆಯ ಫಿಲ್ಟರನ್ನು ತೊಳೆಯಬೇಕು. ಉಪ್ಪಾದರೋ ತೇವದ ಗಡ್ಡೆಯ ಅಂಚಿನಲ್ಲಿ ಬಿಳಿಯ ಉಂಗುರವಾಗಿ ಕೂಡುತ್ತದೆ. ಮೊದಲ ತುಂತುರು ಮಳೆ ಬಿದ್ದರೆ ಆ ಉಪ್ಪು ಕರಗಿ ಬೇರಿನ ಕಡೆಗೆ ಸರಿಯುವ ಭಯವಿದೆ. ತಿಳಿದ ರೈತನು ಆ ಹೊತ್ತಿನಲ್ಲಿ ಮಳೆ ಬಂತೆಂದು ಮೋಟರು ನಿಲ್ಲಿಸುವುದಿಲ್ಲ. ಮಳೆಯಲ್ಲಿಯೇ ಹನಿ ಬಿಟ್ಟು ಉಪ್ಪನ್ನು ಹೊರಕ್ಕೆ ತಳ್ಳುತ್ತಾನೆ. ದಾರಿಯಲ್ಲಿ ಹೋಗುವವರು ಅದನ್ನು ಕಂಡು ನಗಬಹುದು. ಬಳ್ಳಿ ಬಾಡದೆ ಉಳಿಯುವುದು ಆ ಹುಚ್ಚುತನದಿಂದಲೇ.

ರವದಿಯ ಕಂಬಳಿ

ಹನಿಯೊಂದೇ ಸಾಕಾಗದು. ಬುಡಕ್ಕೆ ಬಿದ್ದ ಹನಿಯೂ ಬಿಸಿಲಿಗೆ ಮೈ ತೆರೆದುಕೊಂಡರೆ ಅರ್ಧ ಬೇರಿಗೆ, ಅರ್ಧ ಗಾಳಿಗೆ ಎಂಬಂತಾಗುತ್ತದೆ. ಅದಕ್ಕಾಗಿಯೇ ರವದಿಯ ಹೊದಿಕೆ. ಒಂದು ಗೇಣಿನಷ್ಟು ದಪ್ಪವಾಗಿ ಹಾಸಿದ ರವದಿಯ ಕೆಳಗೆ ವೈಶಾಖದ ಮಧ್ಯಾಹ್ನದಲ್ಲಿಯೂ ಕೈ ಇಟ್ಟರೆ ಮಣ್ಣು ತಂಪಾಗಿರುತ್ತದೆ. ಬಿರುಕು ಬಿಡುವುದಿಲ್ಲ, ಕಳೆ ತಲೆಯೆತ್ತುವುದಿಲ್ಲ, ಎರೆಹುಳುಗಳು ಮೇಲಕ್ಕೆ ಬಂದು ಮಣ್ಣನ್ನು ಸಡಿಲಗೊಳಿಸುತ್ತವೆ. ವರ್ಷ ಕಳೆಯುವಷ್ಟರಲ್ಲಿ ರವದಿಯು ಕೊಳೆತು ಗೊಬ್ಬರವಾಗಿ ನೆಲವನ್ನು ಸೇರುತ್ತದೆ. ಎಡೆಕುಂಟೆಯು ಜೋಳದ ಹೊಲದಲ್ಲಿ ಮಾಡುತ್ತಿದ್ದ ಕೆಲಸವನ್ನೇ ಈ ಕಸವು ತೋಟದಲ್ಲಿ ಮಾಡುತ್ತದೆ.

ರವದಿಯೇ ಏಕೆ ಎಂದು ಪಟ್ಟಣದವರು ಕೇಳಬಹುದು. ಜೋಳದ ನಾಡಿನಲ್ಲಿ ಜೋಳದ ಕಣಿಕೆಗೇನು ಕೊರತೆ? ಆದರೆ ಕಣಿಕೆಯು ದನಗಳ ಅನ್ನ. ಎಷ್ಟೇ ದ್ರಾಕ್ಷಿಯ ಆಸೆಯಿದ್ದರೂ ಎತ್ತಿನ ಬಾಯಿಂದ ಕಿತ್ತು ನೆಲಕ್ಕೆ ಹಾಸಲು ಇಲ್ಲಿಯ ಮನೆತನದ ಹೆಂಗಸರು ಒಪ್ಪಲಾರರು. ಕಬ್ಬಿನ ರವದಿಯಾದರೆ ದನಗಳು ಅಷ್ಟಾಗಿ ಮೂಸಿ ನೋಡದ ವಸ್ತು. ಕಬ್ಬು ಕಡಿದ ಹೊಲಗಳಲ್ಲಿ ಅದಕ್ಕೆ ಬೆಂಕಿಯಿಡುವುದೇ ವಾಡಿಕೆ. ಸುಟ್ಟು ಹೊಗೆಯಾಗುವುದನ್ನು ಹೊತ್ತು ತಂದು ಹಾಸಿದರೆ ಒಬ್ಬನ ಕಸ ಇನ್ನೊಬ್ಬನ ಕಣಜವಾಗುತ್ತದೆ.

ಇದರಲ್ಲಿಯೂ ಎಚ್ಚರ ಬೇಕು. ರವದಿಯನ್ನು ಬಳ್ಳಿಯ ಕಾಂಡಕ್ಕೆ ಒತ್ತಿ ಹಾಸಿದರೆ ತೊಗಟೆ ಕೊಳೆಯುತ್ತದೆ. ಗೆದ್ದಲು ಏಳಬಹುದು, ಇಲಿಗಳು ಬಿಲ ತೋಡಿ ಪೈಪನ್ನು ಕಡಿಯಬಹುದು, ಯಾರೋ ಎಸೆದ ಬೀಡಿಯ ತುಂಡಿನಿಂದ ತೋಟವೇ ಹೊತ್ತಿಕೊಳ್ಳಬಹುದು. ಈಚಿನ ವರ್ಷಗಳಲ್ಲಿ ಪ್ಲಾಸ್ಟಿಕ್ಕಿನ ಹಾಳೆಯನ್ನು ಹೊದಿಸುವವರೂ ಇದ್ದಾರೆ. ಅದು ನೀರನ್ನು ಚೆನ್ನಾಗಿ ಕಾಯುತ್ತದೆ. ಮಣ್ಣಿಗೆ ಊಟವಾಗಲಾರದು, ಹರಿದ ಮೇಲೆ ತುಂಡುಗಳನ್ನು ಆಯ್ದು ತೆಗೆಯುವ ಕೆಲಸವೂ ಉಳಿಯುತ್ತದೆ.

ಹೊದಿಕೆಯಿರುವ ತೋಟದಲ್ಲಿ ನೀರು ಬಿಡುವ ಲೆಕ್ಕವೂ ಬದಲಾಗುತ್ತದೆ. ಮೋಟರು ಗುಂಡಿ ಒತ್ತಲು ಹೊರಟ ಮಗನಿಗೂ ಬೆಳಗಿನ ಚಹ ಕುಡಿಯುತ್ತ ಕುಳಿತ ತಂದೆಗೂ ನಡೆಯುವ ಇಂಥ ಮಾತು ಈ ಕಡೆಯ ತೋಟದ ಮನೆಗಳಲ್ಲಿ ಸಾಮಾನ್ಯ.

"ಅಪ್ಪಾ, ಇವತ್ತ ಎಷ್ಟ ತಾಸು ನೀರ ಬಿಡ್ಲಿ?"

"ನನ್ನ ಯಾಕ ಕೇಳ್ತೀಯೋ ತಮ್ಮಾ? ರವದಿ ಸರಿಸಿ ಮಣ್ಣ ಹಿಡದ ನೋಡು. ಉಂಡಿ ಆಗಾಕತ್ತಿದ್ರ ಇವತ್ತ ಬ್ಯಾಡ. ನಾಳಿ ನೋಡೂಣು."

ವಿದ್ಯುತ್ತು ಬಂದಾಗಲೆಲ್ಲ ನೀರು ಬಿಡುವ ಹಳೆಯ ಅಭ್ಯಾಸಕ್ಕೂ, ಮಣ್ಣು ಕೇಳಿದಾಗ ಮಾತ್ರ ಬಿಡುವ ಈ ಅಭ್ಯಾಸಕ್ಕೂ ನಡುವೆ ಇರುವ ಅಂತರವು ಯಾವ ಯಂತ್ರಕ್ಕಿಂತಲೂ ದೊಡ್ಡದು.

ನಿಂಬೆಗೆ ಉಪವಾಸ, ದಾಳಿಂಬೆಗೆ ನೇಮ

ಇಂಡಿಯ ನಿಂಬೆಗೆ ೨೦೨೩ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ತೆಳುಸಿಪ್ಪೆಯ, ರಸ ತುಂಬಿದ ಈ ಕಾಯಿಯ ಬೆಲೆ ಬೇಸಗೆಯಲ್ಲಿ ಏರುತ್ತದೆಂಬುದನ್ನು ಪಟ್ಟಣದ ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಕಾಯಿ ಕೈಗೆ ಬರಬೇಕಾದರೆ ಅದಕ್ಕೆ ಐದಾರು ತಿಂಗಳು ಮೊದಲೇ ಗಿಡ ಹೂವಾಡಬೇಕು. ಅದಕ್ಕಾಗಿ ಮಳೆಗಾಲ ಮುಗಿಯುವ ಹೊತ್ತಿಗೆ ತೋಟಿಗನು ಗಿಡಕ್ಕೆ ನೀರನ್ನು ನಿಲ್ಲಿಸುತ್ತಾನೆ. ಎಲೆಗಳು ಸೊರಗುತ್ತವೆ, ಕೆಲವು ಉದುರುತ್ತವೆ. ಹೊಸಬನು ನೋಡಿದರೆ ಗಿಡ ಸತ್ತೇ ಹೋಯಿತೆಂದುಕೊಳ್ಳಬೇಕು. ಆಗ ಗೊಬ್ಬರ ಕೊಟ್ಟು, ಮೊದಲು ಸ್ವಲ್ಪ, ಆಮೇಲೆ ಹೆಚ್ಚು ನೀರು ಬಿಟ್ಟರೆ ರೆಂಬೆರೆಂಬೆಯಲ್ಲಿಯೂ ಹೂವು! ಈ ಉಪವಾಸದ ದಿನಗಳಲ್ಲಿ ಹೊದಿಕೆಯನ್ನು ಬುಡದಿಂದ ಸರಿಸಬೇಕು. ಇಲ್ಲವಾದರೆ ಎರೆಮಣ್ಣು ತನ್ನ ತೇವವನ್ನು ಬಿಟ್ಟುಕೊಡದು. ಹೂವು ಕಾಯಿಕಟ್ಟಿದ ಮೇಲೆ ಮತ್ತೆ ಹೊದಿಸಬೇಕು.

ಬೆಳೆದ ನಿಂಬೆಯ ಗಿಡಕ್ಕೆ ಕಾಂಡದ ಬಳಿ ನೀರು ಬಿಡುವುದು ವ್ಯರ್ಥ. ನೀರನ್ನು ಹೀರುವ ಎಳೆಬೇರುಗಳಿರುವುದು ರೆಂಬೆಗಳ ನೆರಳಿನ ಅಂಚಿನಲ್ಲಿ. ಗಿಡ ದೊಡ್ಡದಾದಂತೆ ಪೈಪಿನ ಸುತ್ತನ್ನೂ ದೊಡ್ಡದು ಮಾಡುತ್ತ ಹೋಗಬೇಕು. ಸಸಿಯ ಕಾಲದ ಪೈಪನ್ನು ಸರಿಸದೆ ಹಾಗೆಯೇ ಬಿಟ್ಟ ತೋಟಗಳಲ್ಲಿ ಗಿಡ ದೊಡ್ಡದು, ಫಸಲು ಸಣ್ಣದು.

ದಾಳಿಂಬೆಯದು ಇನ್ನೊಂದು ಹಟ. ಕಾಯಿ ಬಲಿಯುವಾಗ ಕೆಲವು ದಿನ ಬಾಯಾರಿಸಿ ಆಮೇಲೆ ಒಮ್ಮೆಲೇ ನೀರು ಕೊಟ್ಟರೆ, ಒಳಗಿನ ಕಾಳುಗಳು ಉಬ್ಬಿ, ಬಿಗಿದ ಸಿಪ್ಪೆ ತಾಳಲಾರದೆ ಹಣ್ಣು ಸೀಳುತ್ತದೆ. ಸೀಳಿದ ಹಣ್ಣನ್ನು ಕೊಳ್ಳುವವರಿಲ್ಲ. ಅದಕ್ಕೆ ಬೇಕಾದುದು ಹೆಚ್ಚು ನೀರಲ್ಲ, ದಿನದಿನವೂ ತಪ್ಪದ ನೇಮ. ಹನಿಯೂ ಹೊದಿಕೆಯೂ ಸೇರಿ ಕೊಡುವುದು ಇಂಥ ನೇಮವನ್ನು.

ಕಾಣದ ಹಣ್ಣಿಗಾಗಿ

ಇಷ್ಟೆಲ್ಲ ಜಾಣ್ಮೆಯಿದ್ದರೂ ಈ ತೋಟಗಳ ಬಾಳು ಸುಭದ್ರವೆಂದು ಹೇಳುವಂತಿಲ್ಲ. ದ್ರಾಕ್ಷಿಯ ಪಂಚಾಂಗವನ್ನು ನೋಡಿದರೆ ಇದರ ಕಾರಣ ತಿಳಿಯುತ್ತದೆ. ಫೆಬ್ರವರಿ ಮಾರ್ಚಿಯಲ್ಲಿ ಗೊನೆಗಳನ್ನು ಕೊಯ್ದು, ಹಸಿರು ಬಲೆ ಇಳಿಬಿಟ್ಟ ಚಪ್ಪರಗಳಲ್ಲಿ ಅಂತಸ್ತು ಅಂತಸ್ತಾಗಿ ಒಣಹಾಕುತ್ತಾರೆ. ಸುಮಾರು ನಾಲ್ಕು ಕಿಲೋ ಹಸಿದ್ರಾಕ್ಷಿಯಿಂದ ಒಂದು ಕಿಲೋ ಒಣದ್ರಾಕ್ಷಿ, ಸ್ಥಳೀಯರ ಬಾಯಲ್ಲಿ ಮಣೂಕ, ಆಗುತ್ತದೆ. ಏಪ್ರಿಲಿನಲ್ಲಿ ಬಳ್ಳಿಯನ್ನು ಸವರುತ್ತಾರೆ. ಆ ಬಳಿಕ ಬರುವ ಹೊಸ ಚಿಗುರಿನ ಕಣ್ಣುಗಳಲ್ಲಿ, ಬಿರುಬೇಸಗೆಯ ದಿನಗಳಲ್ಲಿ, ಮುಂದಿನ ವರ್ಷದ ಗೊನೆಯು ಗುಟ್ಟಾಗಿ ರೂಪುಗೊಳ್ಳುತ್ತದೆ. ಅಕ್ಟೋಬರಿನಲ್ಲಿ ಇನ್ನೊಮ್ಮೆ ಸವರಿದಾಗಲೇ ಅದು ಹೊರಗೆ ಕಾಣುವುದು. ಅಂದರೆ ಬಳ್ಳಿಗೆ ನೀರಿನ ಅಗತ್ಯ ಅತಿಯಾಗಿರುವ ಕಾಲದಲ್ಲಿ ಅದರಲ್ಲಿ ಒಂದು ಕಾಯಿಯೂ ಇರುವುದಿಲ್ಲ. ಮೇ ತಿಂಗಳಿನಲ್ಲಿ ಕೊಳವೆಬಾವಿ ಬತ್ತಿದಾಗ ರೈತನು ಕಾಪಾಡುವುದು ಕಣ್ಣಿಗೆ ಕಾಣದ ಹಣ್ಣನ್ನು.

೨೦೧೮–೧೯ರ ಬರದಲ್ಲಿ ಈ ಜಿಲ್ಲೆಯ ತೋಟಗಳಿಗೆ ಟ್ಯಾಂಕರುಗಳು ಸಾಲುಗಟ್ಟಿ ನೀರು ಹೊತ್ತವು. ಹತ್ತು ಸಾವಿರ ಲೀಟರಿನ ಒಂದು ಟ್ಯಾಂಕರನ್ನು ಒಂದು ಎಕರೆಯ ತೆರೆದ ನೆಲಕ್ಕೆ ಸುರಿದರೆ ಅದು ಎರಡೂವರೆ ಮಿಲಿಮೀಟರು ಮಳೆಗೆ ಸಮ. ಸಂಜೆಯ ಹೊತ್ತಿಗೆ ಅದರ ಗುರುತೂ ಉಳಿಯದು. ಅದೇ ನೀರನ್ನು ಎಕರೆಯಲ್ಲಿರುವ ಸುಮಾರು ೭೦೦ ಬಳ್ಳಿಗಳ ಬುಡಕ್ಕೆ ಹೊದಿಕೆಯ ಕೆಳಗೆ ಹನಿಸಿದರೆ ಒಂದೊಂದಕ್ಕೆ ಹದಿನಾಲ್ಕು ಲೀಟರು ಸಿಗುತ್ತದೆ. ಸಾಯುವ ಬಳ್ಳಿ ಬದುಕಿಕೊಳ್ಳಲು ಅಷ್ಟು ಸಾಕಾಗಬಹುದು. ಹೀಗೆ ಕೊಂಡ ನೀರಿನಿಂದ ತೋಟವನ್ನು ಉಳಿಸಿಕೊಂಡವರು ಹಲವರು. ಸಾಲ ಬೆಳೆದು ನೀರು ಸಿಗದೆ, ಮಕ್ಕಳಂತೆ ಸಾಕಿದ ಬಳ್ಳಿಗಳನ್ನು ತಾವೇ ಕಡಿದು ಹಾಕಿದವರೂ ಉಂಟು.

ಬರದ ಭಯದಿಂದ ಅನೇಕರು ಪ್ಲಾಸ್ಟಿಕ್ಕು ಹಾಸಿದ ಕೃಷಿಹೊಂಡಗಳನ್ನು ತೋಡಿಸಿದ್ದಾರೆ. ಮಳೆಗಾಲದಲ್ಲಿ ತುಂಬಿಕೊಂಡ ನೀರು ಬೇಸಗೆಗೆ ಆಧಾರ. ಆದರೆ ಅಲ್ಲಿಯೂ ಹಳೆಯ ಶತ್ರು ಕಾದಿದ್ದಾನೆ. ಮೂವತ್ತು ಮೀಟರು ಉದ್ದ, ಮೂವತ್ತು ಮೀಟರು ಅಗಲದ ಹೊಂಡವು ಬಿಸಿಲಿಗೆ ದಿನಕ್ಕೆ ಒಂದೇ ಸೆಂಟಿಮೀಟರು ಕುಗ್ಗಿದರೂ ೯,೦೦೦ ಲೀಟರು ನೀರು ಹಾರಿಹೋಯಿತೆಂದೇ ಲೆಕ್ಕ. ದಿನಕ್ಕೊಂದು ಟ್ಯಾಂಕರಿನಷ್ಟು ನೀರನ್ನು ಆಕಾಶಕ್ಕೆ ದಾನ ಮಾಡಿದಂತೆ! ಹೊಂಡದ ಮೇಲೆ ನೆರಳಿನ ಬಲೆ ಹೊದಿಸುವವರು ಆ ದಾನವನ್ನು ಸ್ವಲ್ಪಮಟ್ಟಿಗೆ ತಡೆಯುತ್ತಾರೆ.

ಇನ್ನೂ ಒಂದು ಮಾತನ್ನು ಹೇಳದೆ ಇರುವಂತಿಲ್ಲ. ಹನಿ ನೀರಾವರಿಯಿಂದ ನೀರು ಉಳಿಯುತ್ತದೆಂಬುದು ನಿಜ. ಉಳಿದ ನೀರು ಎಲ್ಲಿಗೆ ಹೋಗುತ್ತದೆ? ಮೂರು ಎಕರೆಗೆ ಸಾಲುತ್ತಿದ್ದ ನೀರು ಐದು ಎಕರೆಗೆ ಬರುವುದೆಂದು ಕಂಡೊಡನೆ, ಮತ್ತೆರಡು ಎಕರೆಗೆ ಬಳ್ಳಿ ನೆಡುವ ಆಸೆ ಹುಟ್ಟುತ್ತದೆ. ನೆರೆಯವನೂ ಹಾಗೆಯೇ ಮಾಡುತ್ತಾನೆ. ಕೊಳವೆಬಾವಿಯ ಮೋಟರು ಮೊದಲಿನಷ್ಟೇ ಹೊತ್ತು ಓಡುತ್ತದೆ. ಹಾಯಿಸುವ ಕಾಲದಲ್ಲಿ ಸ್ವಲ್ಪವಾದರೂ ಕೆಳಗಿಳಿದು ಅಂತರ್ಜಲವನ್ನು ಸೇರುತ್ತಿದ್ದ ನೀರು ಈಗ ಸೇರುವುದಿಲ್ಲ. ಜೋಳವಾದರೆ ಬರ ಬಂದ ವರ್ಷ ಬಿತ್ತದೆ ಸುಮ್ಮನಿರಬಹುದು. ಹಣ್ಣಿನ ಗಿಡ ಒಂದು ವರ್ಷದ ಮಟ್ಟಿಗೆ ಬಾಯಾರಿಕೆಯನ್ನು ಮುಂದೂಡಲಾರದು. ಉಳಿತಾಯದ ಹೆಸರಿನಲ್ಲಿ ಬೆಳೆದ ತೋಟವು ಹೀಗೆ ಬರದ ಬಾಯಿಗೆ ಇನ್ನಷ್ಟು ದೊಡ್ಡ ತುತ್ತಾಗುತ್ತದೆ. ಉಳಿಸಿದ ನೀರಿನಲ್ಲಿ ಒಂದು ಪಾಲನ್ನು ನೆಲದಲ್ಲಿಯೇ ಬಿಡುವ, ಇನ್ನೊಂದು ಎಕರೆಯ ಆಸೆಯನ್ನು ತಡೆಯುವ ರೈತನೇ ನಿಜವಾಗಿ ನೀರು ಉಳಿಸಿದವನು. ಆ ಸಂಯಮವನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ. ಅದಕ್ಕೆ ಸಹಾಯಧನವೂ ಇಲ್ಲ.

ಈಚಿನ ವರ್ಷಗಳಲ್ಲಿ ಏತ ನೀರಾವರಿಯ ಮೂಲಕ ಕೃಷ್ಣೆಯ ನೀರು ಈ ಎತ್ತರದ ಬಯಲಿಗೂ ಏರಿ ಬಂದು, ಹಲವು ಹಳೆಯ ಕೆರೆಗಳನ್ನು ತುಂಬಿದೆ. ಕೆರೆ ತುಂಬಿದ ಕಡೆಗಳಲ್ಲಿ ಬತ್ತಿದ ಬಾವಿಗಳಲ್ಲಿ ಮತ್ತೆ ನೀರು ಕಂಡು ಜನ ಹಿಗ್ಗಿದ್ದಾರೆ. ಹಿಗ್ಗುವುದು ಸಹಜವೇ. ನೀರು ಬಂತೆಂದು ರವದಿಯ ಹೊದಿಕೆಯನ್ನು ಮರೆಯದಿದ್ದರೆ, ಮಡಿ ತುಂಬಿ ಹಾಯಿಸುವ ಹಳೆಯ ಚಟ ಮರಳದಿದ್ದರೆ, ಆ ಹಿಗ್ಗು ಬಹುಕಾಲ ಬಾಳೀತು.

ಹಬ್ಬದ ಪಾಯಸದಲ್ಲಿ ತೇಲುವ ಒಣದ್ರಾಕ್ಷಿಯನ್ನು ಮಕ್ಕಳು ಮೊದಲು ಆಯ್ದು ತಿನ್ನುತ್ತಾರೆ. ಬೇಸಗೆಯ ಮಧ್ಯಾಹ್ನ ಅತಿಥಿಗೆ ಕೊಡುವ ಪಾನಕಕ್ಕೆ ನಿಂಬೆಯ ಹೋಳನ್ನು ಹಿಂಡುತ್ತಾರೆ. ಅವುಗಳ ಹಿಂದೆ ಎಷ್ಟು ಹನಿಗಳ ಕಾವಲಿದೆ ಎಂಬುದು ಪಟ್ಟಣದ ಅಡಿಗೆಮನೆಗೆ ತಿಳಿಯುವ ಸಂಗತಿಯಲ್ಲ. ಆದರೆ ಆ ವಿದ್ಯೆಯ ಒಂದು ಚೂರು ಪಟ್ಟಣದವರಿಗೂ ಒದಗುತ್ತದೆ. ಮನೆಯ ಮಾಳಿಗೆಯ ಮೇಲಿನ ತುಳಸಿಯ, ಗುಲಾಬಿಯ, ಕರಿಬೇವಿನ ಕುಂಡಗಳಲ್ಲಿ ಬರಿಮಣ್ಣನ್ನು ಬಿಸಿಲಿಗೆ ಬಿಡದೆ ತರಗೆಲೆಯನ್ನೋ ತೆಂಗಿನ ನಾರನ್ನೋ ಹೊದಿಸಿ, ಕಾಂಡದ ಸುತ್ತ ಎರಡು ಬೆರಳಿನ ಜಾಗ ಬಿಟ್ಟರೆ ಸಾಕು. ನೀರೆರೆಯುವ ಮುನ್ನ ಹೊದಿಕೆಯನ್ನು ಸರಿಸಿ ಮಣ್ಣನ್ನು ಮುಟ್ಟಿ ನೋಡಿದವರಿಗೆ, ವಿಜಯಪುರದ ಬಿರುಬಯಲಿನಲ್ಲಿ ಹಣ್ಣು ಹೇಗೆ ಬೆಳೆಯುತ್ತದೆಂಬುದು ಬೆರಳ ತುದಿಯಲ್ಲಿಯೇ ತಿಳಿಯುತ್ತದೆ.